ಈರುಳ್ಳಿ ಲೋಡಿನಿಂದ ಫತೋರ್ಡಾದವರೆಗೆ

ನಮ್ಮೂರು ಅಜ್ಜಂಪುರವನ್ನು ರೈಲಿನ ಕಿಟಕಿಯಿಂದ, ಇಳಿಯದೆ, ನಡುರಾತ್ರಿಯಲ್ಲಿ ನೋಡಿದ್ದು ಅದೇ ಮೊದಲು. ನಾವು ಟಿಕೆಟ್ ಮಾಡಿಸಿದ್ದ ಗಾಡಿ ಅಲ್ಲಿ ನಿಲ್ಲದು. ಹಾಗಾಗಿ ನಾನು ಸಂಜೆಯೇ ಬಸ್ಸಿನಲ್ಲಿ ಬೀರೂರಿಗೆ ಹೋಗಿ, ಅಲ್ಲಿ ಹತ್ತಿ, ಮತ್ತೆ ನನ್ನೂರನ್ನೇ ದಾಟಿಕೊಂಡು ಹೋಗಬೇಕಾಗಿತ್ತು. ಸ್ಟೇಷನ್ನಿನ ಎರಡು ದೀಪ, ಬೆಂಚಿನ ಮೇಲೆ ಮುಸುಕೆಳೆದು ಮಲಗಿದ್ದ ಯಾರೋ ಒಬ್ಬರು, ಹಳದಿ ಫಲಕದ ಮೇಲೆ ಊರ ಹೆಸರು. ನಲವತ್ತು ವರ್ಷ ಬಾಳಿದ ಊರು ಮೂರು ಉಸಿರೆಳೆಯುವಷ್ಟರಲ್ಲಿ ಹಿಂದೆ ಸರಿಯಿತು. ಆಮೇಲೆ ಶಿವನಿ ಕಡೆಯ ಕತ್ತಲು.

"ಮಾವ, ಮಲ್ಕೊಳ್ಳಿ. ಬೆಳಗಿನ ಜಾವ ಹುಬ್ಬಳ್ಳಿಲಿ ಗಾಡಿ ಬದಲಾಯಿಸ್ಬೇಕು" ಅಂದ ಅಕ್ಕನ ಮಗ. ಅವನು ಕಡೂರಿನವನು, ಬೆಂಗಳೂರಿನಲ್ಲಿ ಕೆಲಸಕ್ಕಿರುವವನು. ಎದುರು ಬರ್ತಿನಲ್ಲಿ ನನ್ನ ಹೆಂಡತಿಯ ಅಣ್ಣ, ತರೀಕೆರೆಯ ಭಾವ, ಕೋಡುಬಳೆಯ ಡಬ್ಬ ತಲೆದೆಸೆಗಿಟ್ಟುಕೊಂಡು ಆಗಲೇ ನಿದ್ದೆ ಹೋಗಿದ್ದರು. 2014ರ ಏಪ್ರಿಲ್ 19, ಶನಿವಾರ. ನಾವು ಮೂವರೂ ಗೋವಾದ ಮಡಗಾಂವಿಗೆ ಹೊರಟಿದ್ದೆವು. ಅಲ್ಲಿನ ಫತೋರ್ಡಾ ಮೈದಾನದಲ್ಲಿ ಸೋಮವಾರ ಸಂಜೆ ಬೆಂಗಳೂರು ಎಫ್‌ಸಿಗೂ ಡೆಂಪೊ ತಂಡಕ್ಕೂ ಐ-ಲೀಗ್ ಪಂದ್ಯ. ಬೆಂಗಳೂರು ಗೆದ್ದರೆ ದೇಶದ ಚಾಂಪಿಯನ್. ಹುಟ್ಟಿ ಒಂದು ವರ್ಷವೂ ತುಂಬಿರದ ತಂಡ ಅದು.

ನನಗೆ ನಿದ್ದೆ ಬರಲಿಲ್ಲ. ಈರುಳ್ಳಿ ಬೆಳೆಯುವ ನಾನು ಫುಟ್‌ಬಾಲಿನ ಹಿಂದೆ ರೈಲು ಹತ್ತುವಂತಾಗಿದ್ದು ಹೇಗೆಂದು ಚಿಕ್ಕಜಾಜೂರಿನವರೆಗೂ ನೆನೆಯುತ್ತಾ ಕೂತೆ.

ಹಿಂದಿನ ಸೆಪ್ಟೆಂಬರಿನ ಮಾತು. 2013ರಲ್ಲಿ ಈರುಳ್ಳಿ ರೇಟು ದೇಶಕ್ಕೆ ದೇಶವೇ ಬೆಚ್ಚುವಂತೆ ಏರಿತ್ತು. ಅಜ್ಜಂಪುರ, ಶಿವನಿ ಕಡೆಯಿಂದ ಯಶವಂತಪುರ ಮಂಡಿಗೆ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಾನೂ ಲೋಡಿನ ಜೊತೆ ಹೋಗಿ, ಚೀಲ ತೂಗಿಸಿ, ಪಟ್ಟಿ ಇಸಕೊಂಡು, ರಾತ್ರಿ ಅಳಿಯನ ರೂಮಿನಲ್ಲಿ ಉಳಿದೆ. ಮರುದಿನ ಭಾನುವಾರ, ಸೆಪ್ಟೆಂಬರ್ 22. "ಮಾವ, ಇವತ್ತು ನಮ್ಮ ಬೆಂಗಳೂರಿನ ಟೀಮು ಮೊದಲನೇ ಮ್ಯಾಚ್ ಆಡ್ತೈತೆ, ಬನ್ನಿ" ಎಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಕರೆದೊಯ್ದ. ಎದುರಾಳಿ ಕೋಲ್ಕತ್ತದ ಮೋಹನ್ ಬಗಾನ್. 1889ರಲ್ಲಿ ಹುಟ್ಟಿದ ಕ್ಲಬ್ಬು. ಅದರ ಎದುರು ನಿಂತಿದ್ದ ತಂಡಕ್ಕೆ ಎರಡು ತಿಂಗಳ ಹಿಂದೆ, ಜುಲೈನಲ್ಲಿ, ಹೆಸರಿಟ್ಟಿದ್ದರು.

ಮೈದಾನದ ಮಟ್ಟಿಗೆ ನಮ್ಮ ಕಡೆಯವರಿಗೆ ಗೊತ್ತಿರುವುದು ವಾಲಿಬಾಲ್, ಕಬಡ್ಡಿ, ಖೋ ಖೋ. ಹೊನಲು-ಬೆಳಕಿನ ಕಬಡ್ಡಿ ಅಂದರೆ ಸಂಜೆ ಶುರುವಾಗಿ ಬೆಳಗಾಗುವಷ್ಟರಲ್ಲಿ ಫೈನಲ್ ಮುಗಿದು, ಕಪ್ ಎತ್ತಿದವರು ಟ್ರ್ಯಾಕ್ಟರ್ ಹತ್ತಿ ಊರಿಗೆ ಹೋಗಿರುತ್ತಾರೆ. ಇಲ್ಲಿ ನಾನು ಕಂಡದ್ದು ಬೇರೆಯೇ ಲೋಕ. ನೀಲಿ ಅಂಗಿ ತೊಟ್ಟ ಹುಡುಗರು ತಮಟೆ ಡೋಲು ಹಿಡಿದು ಆಟ ಮುಗಿಯುವ ತನಕ ಕೂರಲೇ ಇಲ್ಲ. ಹಾಡು ನಿಲ್ಲಲಿಲ್ಲ. ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಅವರ ಗುಂಪಿನ ಹೆಸರು. ಆಸ್ಟ್ರೇಲಿಯಾದ ಶಾನ್ ರೂನಿ ತಂಡದ ಚರಿತ್ರೆಯ ಮೊದಲ ಗೋಲು ಹೊಡೆದಾಗ ಗುರುತಿಲ್ಲದ ನಾಲ್ಕು ಜನ ನನ್ನನ್ನು ತಬ್ಬಿಕೊಂಡರು. ಬಗಾನ್ ಸಮ ಮಾಡಿತು. 1-1.

ಪಕ್ಕದಲ್ಲಿ ಹಲಸೂರು ಕಡೆಯ ಹಿರಿಯರೊಬ್ಬರು ಕೂತಿದ್ದರು. ಅವರ ಬಾಯಿಂದ ಕೇಳಿದ್ದು ಆ ದಿನದ ಆಟಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದಿಟ್ಟಿತು. 1948ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿತಂತೆ, ಬಹುಪಾಲು ಆಟಗಾರರು ಬರಿಗಾಲಲ್ಲಿ. 2-1ರಿಂದ ಸೋತರು, ಆದರೆ ಭಾರತದ ಆ ಒಂದು ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹ್ಮದ್ ಖಾನ್, ಧನರಾಜ್, ವಜ್ರವೇಲು, ಎಲ್ಲ ಇಲ್ಲಿನ ಬೀದಿಗಳಲ್ಲಿ ಬೆಳೆದವರೇ. ಅದಕ್ಕೂ ಹಿಂದೆ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು, ಮರುವರ್ಷ ಮತ್ತೊಮ್ಮೆ. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ತಂದಿತ್ತು, ಕೊನೆಯದು 1968-69ರಲ್ಲಿ. ನಾನು ಹುಟ್ಟುವ ಮೊದಲು! ಇಷ್ಟೆಲ್ಲ ನಮ್ಮ ರಾಜಧಾನಿಯಲ್ಲಿ ನಡೆದಿರುವಾಗ ಇನ್ನೂರು ಕಿಲೋಮೀಟರ್ ಆಚೆಯ ನಮ್ಮ ಬಯಲುಸೀಮೆಗೆ ಒಂದು ಮಾತೂ ತೇಲಿ ಬರಲಿಲ್ಲವಲ್ಲ ಎಂದು ಆ ಹೊತ್ತು ನನಗೆ ಸಂಕಟವಾಯಿತು.

"ಹಾಗಾದ್ರೆ ಫೈನಲ್ ಯಾವತ್ತು?" ಎಂದು ಅಳಿಯನನ್ನು ಕೇಳಿದೆ.

"ಫೈನಲ್ ಇಲ್ಲ ಮಾವ. ಇದು ಲೀಗು."

ಮಂಡಿ ಪಟ್ಟಿಯನ್ನು ನನ್ನ ಜೇಬಿನಿಂದ ತೆಗೆದು, ಅದರ ಹಿಂಬದಿಗೆ ಪೆನ್ನಿನಲ್ಲಿ ಗೆರೆ ಹಾಕಿ ತೋರಿಸಿದ. ಒಟ್ಟು 13 ತಂಡ. ಕೋಲ್ಕತ್ತದ್ದು ನಾಲ್ಕು, ಗೋವಾದ್ದು ನಾಲ್ಕು, ಶಿಲ್ಲಾಂಗಿನದು ಎರಡು, ಮುಂಬೈ ಒಂದು, ಪುಣೆ ಒಂದು, ನಮ್ಮದೊಂದು. ಪ್ರತಿ ತಂಡವೂ ಉಳಿದ ಹನ್ನೆರಡರ ಜೊತೆ ಎರಡೆರಡು ಸಲ ಆಡಬೇಕು, ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ. 24 ಪಂದ್ಯ. ಗೆದ್ದರೆ 3 ಪಾಯಿಂಟ್, ಸಮವಾದರೆ 1. ಏಪ್ರಿಲ್ ಕೊನೆಗೆ ಯಾರ ರಾಶಿ ದೊಡ್ಡದೋ ಅವರೇ ಚಾಂಪಿಯನ್. ಒಂದು ದಿನ ಎಡವಿದರೆ ಮನೆಗೆ ಹೋಗಬೇಕಿಲ್ಲ, ಒಂದು ದಿನ ಮೆರೆದರೆ ಕಪ್ಪೂ ಸಿಗದು.

ಇದು ನನಗೆ ಥಟ್ಟನೆ ಅರ್ಥವಾಯಿತು, ಯಾಕೆಂದರೆ ಕಡೂರಿನ ಅಟ್ಟ ನನಗೆ ಗೊತ್ತಿತ್ತು. ಅಕ್ಕನ ಮಾವನವರು, ಈ ಹುಡುಗನ ಅಜ್ಜ, ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿಬಿಟ್ಟರೆ ತಿಂಗಳುಗಟ್ಟಲೆ ಅತ್ತ ಕೈ ಹಾಕುವುದಿಲ್ಲ. ಮೊದಮೊದಲು ಕಾಯಿ ಅಲ್ಲಾಡಿಸಿದರೆ ಒಳಗಿನ ನೀರು ಗುಳುಗುಳು ಅನ್ನುತ್ತದೆ. ಮಧ್ಯೆ ಸದ್ದೇ ಇಲ್ಲದ ಕಾಲವೊಂದು ಬರುತ್ತದೆ. ಕಡೆಗೆ ತಿರುಳು ಚಿಪ್ಪು ಬಿಟ್ಟು ಗಿಟುಕಾಗಿ ಒಳಗೆ ಗಡಗಡ ಉರುಳುತ್ತದೆ. ವರ್ಷ ಹತ್ತಿರ ಬಂದಿರುತ್ತದೆ. ನಡುವೆ ಅವಸರ ಪಟ್ಟು ಒಡೆದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ.

ಆ ಚಳಿಗಾಲದಲ್ಲಿ ಇನ್ನೆರಡು ಸಲ ಬೆಂಗಳೂರಿಗೆ ಹೋದೆ. ಅದೇ ನವೆಂಬರಿನಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ಮೊದಲ ರೈಲು ಓಡಿತು. ಜಿಲ್ಲೆಗೆ ಹಿಂದೆ ಹೆಸರು ಕೊಟ್ಟಿದ್ದ ಊರಿಗೂ ಈಗ ಹೆಸರು ಕೊಟ್ಟಿರುವ ಊರಿಗೂ ನಡುವೆ ಅಷ್ಟು ದಿನ ಹಳಿಯೇ ಇರಲಿಲ್ಲ. ಕಡೂರಿನ ಅಜ್ಜ ಹೂವಿನ ಹಾರ ಹಾಕಿದ ಇಂಜಿನ್ ನೋಡಲು ಸ್ಟೇಷನ್ನಿಗೆ ಹೋಗಿ ಬಂದು ಮೂರು ದಿನ ಅದನ್ನೇ ಹೇಳಿದರು. ಅವರಿಗೆ ಇಂಜಿನ್ನು, ನನಗೆ ಪಟ್ಟಿಯ ಹಿಂಬದಿಯ ಲೆಕ್ಕ.

ಆಟ ನೋಡನೋಡುತ್ತಾ ಕಣ್ಣು ಪಳಗಿತು. ಮೊದಲ ದಿನ ಚೆಂಡನ್ನೇ ನೋಡುತ್ತಿದ್ದೆ. ಆಮೇಲೆ ಚೆಂಡು ಇಲ್ಲದ ಕಡೆ ನೋಡುವುದನ್ನು ಕಲಿತೆ. ನಾಯಕ ಸುನಿಲ್ ಛೆಟ್ರಿ ಎತ್ತರದ ಆಳಲ್ಲ. ಚೆಂಡು ತನ್ನ ಕಡೆ ಬರುವ ಮೊದಲೇ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾನೆ, ಎರಡು ಹೆಜ್ಜೆ ಸುಮ್ಮನೆ ನಡೆಯುತ್ತಾನೆ, ಮತ್ತೆ ನೋಡುತ್ತಾನೆ. ಕಾವಲಿಗಿದ್ದವನು ಇವನು ಸುಸ್ತಾಗಿದ್ದಾನೆ ಎಂದುಕೊಳ್ಳುವ ಹೊತ್ತಿಗೆ ಇವನು ಅಲ್ಲಿರುವುದಿಲ್ಲ. ತನಗಿಂತ ಗೇಣುದ್ದ ಎತ್ತರದವರ ನಡುವೆ ಹಾರಿ ತಲೆ ಕೊಡುವಾಗ ಗಾಳಿಯಲ್ಲಿ ಅರೆಗಳಿಗೆ ನಿಂತಂತೆ ಕಾಣುತ್ತಾನೆ. ಆ ಋತುವಿನಲ್ಲಿ ಅವನು ಹೊಡೆದ ಗೋಲು 14. ಹಿಂದೆ ಕೋಟೆ ಕಾಯುವುದಕ್ಕೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಮುಂದೆ ರೂನಿ, ಲೈಬೀರಿಯಾದ ಜಾನಿ ಮೆನ್ಯೊಂಗರ್, ನಮ್ಮ ರಾಬಿನ್ ಸಿಂಗ್. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಶಂಕರ್ ಸಂಪಂಗಿರಾಜ್ ಕೂಡ ತಂಡದಲ್ಲಿದ್ದ. ಇವರನ್ನೆಲ್ಲ ಒಂದು ಹದಕ್ಕೆ ತಂದದ್ದು ಆ್ಯಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲೆಂಡಿನ ಕೋಚು. ನಾಲ್ಕು ಖಂಡಗಳಿಂದ ಬಂದ ಜನ ಒಂದು ಮಳೆಗಾಲದಲ್ಲಿ ಕಲೆತು, ಬೇಸಗೆಯ ಹೊತ್ತಿಗೆ ಒಬ್ಬರ ಹೆಜ್ಜೆ ಒಬ್ಬರಿಗೆ ಗೊತ್ತಾಗುವಂತೆ ಆಡುವುದೆಂದರೇನು! ಹೊಸ ಜೋಡೆತ್ತು ಒಂದು ನೊಗಕ್ಕೆ ಹೊಂದಿಕೊಳ್ಳಲು ಎಷ್ಟು ದಿನ ಬೇಕೆಂದು ಅಮೃತಮಹಲ್ ತಳಿಯ ನಾಡಿನಲ್ಲಿ ಹುಟ್ಟಿದ ನನಗೆ ಗೊತ್ತು.

ಹುಬ್ಬಳ್ಳಿಯಲ್ಲಿ ಗಾಡಿ ಬದಲಾಯಿತು. ಧಾರವಾಡ ದಾಟುವಾಗ ಬೆಳಕು. ಅಳ್ನಾವರದಿಂದಾಚೆ ತೇಗದ ಕಾಡು ಶುರುವಾಯಿತು. ತರೀಕೆರೆಯ ಭಾವ ಕಿಟಕಿಗೆ ಮುಖ ಅಂಟಿಸಿದರು. ಅವರ ಊರಿನಿಂದ ಒಂದು ಕಾಲದಲ್ಲಿ ನರಸಿಂಹರಾಜಪುರಕ್ಕೆ ಕಾಡಿನೊಳಗೆ ಪುಟ್ಟ ಟ್ರಾಮ್ ರೈಲು ಓಡುತ್ತಿತ್ತು, ಅವರ ಅಜ್ಜಿ ಅದರಲ್ಲಿ ಕೂತಿದ್ದರಂತೆ. "ಕಾಡಿನ್ ರೈಲು ಅಂದ್ರೆ ಹಿಂಗೇ ಇತ್ತೇನೋ" ಎಂದರು.

ಲೋಂಡಾ ಬಿಟ್ಟು ಕ್ಯಾಸಲ್‌ರಾಕ್. 1961ರ ತನಕ ಇದು ದೇಶದ ಗಡಿ. ಆಚೆ ಪೋರ್ಚುಗೀಸರ ಗೋವಾ, ಈಚೆ ನಮ್ಮದು. ಇಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಲೆಂದು ಹೆಚ್ಚಿನ ಇಂಜಿನ್ ಜೋಡಿಸಿದರು. 37 ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗಿಳಿಯುವ ಹಳಿ ಅದು, ರೈಲಿನ ಮಟ್ಟಿಗೆ ಕಡಿದಾದ ಇಳಿಜಾರು. ಹಾಕಿದ್ದು 1880ರ ದಶಕದಲ್ಲಿ. ಆಮೇಲೆ ಸುರಂಗ, ಬೆಳಕು, ಸುರಂಗ, ಬೆಳಕು. ಸುರಂಗದೊಳಗೆ ಮಕ್ಕಳೆಲ್ಲ ಕೂಗಿದರು. ಭಾವನೂ ಕೂಗಿದರು, ಅರವತ್ತರ ಮನುಷ್ಯ. ಒಂದು ತಿರುವಿನಲ್ಲಿ ನಮ್ಮ ಗಾಡಿಯ ಬಾಲವೇ ನಮ್ಮ ಕಿಟಕಿಯ ಎದುರಿಗೆ ಬಂತು. ಇನ್ನೊಂದು ತಿರುವಿನಲ್ಲಿ ಕಲ್ಲಿನ ಸೇತುವೆ, ಅದರ ಮೇಲೆ ತಲೆಯೆತ್ತಿದರೆ ದೂಧ್‌ಸಾಗರ್.

ಏಪ್ರಿಲ್ ತಿಂಗಳು, ನೀರು ಕಡಿಮೆ. ಮುನ್ನೂರು ಮೀಟರಿಗೂ ಮಿಕ್ಕಿದ ಕರಿಬಂಡೆಯ ಮೇಲಿಂದ ಜನಿವಾರದಷ್ಟು ದಪ್ಪದ ಬಿಳಿ ಎಳೆಗಳು ಎರಡೋ ಮೂರೋ ಇಳಿಯುತ್ತಿದ್ದವು. ನಮ್ಮ ಕಲ್ಲತ್ತಿಗಿರಿಯ ನೀರನ್ನು ನೋಡಿ ಬೆಳೆದವರು ನಾವು, ಆದರೂ ಬಾಯಿಂದ ಮಾತು ಹೊರಡಲಿಲ್ಲ. ಹನಿಯೊಂದು ಕಿಟಕಿಯ ಕಂಬಿಗೆ ಬಡಿದು ನನ್ನ ಕೈಮೇಲೆ ಬಿತ್ತು. ಅದನ್ನು ಒರೆಸಲಿಲ್ಲ.

ಮಡಗಾಂವಿನಲ್ಲಿ ಇಳಿದ ದಿನ ಈಸ್ಟರ್ ಭಾನುವಾರ. ಚರ್ಚಿನ ಗಂಟೆ, ಇಸ್ತ್ರಿ ಅಂಗಿಯ ಗಂಡಸರು, ಬಿಳಿ ಫ್ರಾಕಿನ ಮಕ್ಕಳು. ಊರ ಹೊರಗೆ ನಡೆಯುತ್ತಾ ಹೋದರೆ ಕೊಯ್ಲಾದ ಗದ್ದೆಯ ಕೂಳೆಯ ಮೇಲೆ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಗೋಲಿನ ಕಂಬ ಇರಬೇಕಾದ ಕಡೆ ಎರಡು ತೆಂಗಿನ ಮಟ್ಟೆ. ನಮ್ಮ ಗದ್ದೆಗಳಲ್ಲಿ ಆ ಹೊತ್ತಿಗೆ ದನ ಮೇಯುತ್ತಿರುತ್ತವೆ. ಇಡೀ ಗೋವಾ ರಾಜ್ಯದ ವಿಸ್ತೀರ್ಣ 3,702 ಚದರ ಕಿಲೋಮೀಟರ್, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಅರ್ಧ ಮಾತ್ರ. ಅಷ್ಟು ನೆಲದಿಂದ ದೇಶದ 13 ತಂಡಗಳಲ್ಲಿ ನಾಲ್ಕು: ಡೆಂಪೊ, ಚರ್ಚಿಲ್ ಬ್ರದರ್ಸ್, ಸಾಲ್ಗಾಂವ್ಕರ್, ಸ್ಪೋರ್ಟಿಂಗ್. 1883ರಲ್ಲಿ ಸಿಯೋಲಿಮ್ ಎಂಬ ಊರಿಗೆ ಬಂದ ವಿಲಿಯಂ ಲಯನ್ಸ್ ಎಂಬ ಪಾದ್ರಿ ಹುಡುಗರಿಗೆ ಈ ಆಟ ಕಲಿಸಿದರಂತೆ. ಒಬ್ಬ ಪಾದ್ರಿ, ಒಂದು ಚೆಂಡು, ನೂರ ಮೂವತ್ತು ವರ್ಷ. ಆ ಗದ್ದೆಯ ಬದುವಿನ ಮೇಲೆ ಕೂತು ಹೊತ್ತು ಮುಳುಗುವ ತನಕ ನೋಡಿದೆವು. ಫತೋರ್ಡಾಗಿಂತ ಮೊದಲು ನಾನು ಗೋವಾದಲ್ಲಿ ನೋಡಿದ ಪಂದ್ಯ ಅದೇ, ಯಾರು ಗೆದ್ದರೆಂದು ಆಡಿದ ಹುಡುಗರಿಗೂ ಲೆಕ್ಕವಿರಲಿಲ್ಲ.

ಸೋಮವಾರ ಸಂಜೆ. ಡೆಂಪೊ ಎಂದರೆ ಐದು ಸಲ ದೇಶದ ಚಾಂಪಿಯನ್ ಆದ ತಂಡ, ಅದರ ಮನೆಯಂಗಳ. ದೊಡ್ಡ ಮೈದಾನದ ಒಂದು ಮೂಲೆಯಲ್ಲಿ ಬೆಂಗಳೂರಿನಿಂದ ಬಂದ ನೀಲಿ ಗುಂಪು. ನಾವೂ ಅಲ್ಲೇ ಸೇರಿಕೊಂಡೆವು. ಡೋಲು ಬಡಿಯತೊಡಗಿದ ಮೇಲೆ ನಮ್ಮ ಹಿಂದೆ ನಾಲ್ಕೈದು ಜನ ಬಂದು ನಿಂತರು. ಕೈಗಳಲ್ಲಿ ಸಿಮೆಂಟಿನ ಬಿರುಕು. ಗದಗ ಕಡೆಯ ಗೌಂಡಿಗಳು, ಮಡಗಾಂವಿನಲ್ಲಿ ಮನೆ ಕಟ್ಟುವವರು.

"ಬೆಂಗಳೂರ ಟೀಮ ಬಂದೈತಿ ಅಂತ ಗೊತ್ತಾತ್ರಿ. ನಮ್ಮ ಮಂದಿ ಅಂತ ಬಂದ್ವಿ" ಎಂದ ಅವರಲ್ಲೊಬ್ಬ.

"ಆಟ ನೋಡ್ತೀರೇನಪ್ಪ ಯಾವಾಗಲೂ?" ಭಾವ ಕೇಳಿದರು.

"ಇಲ್ರಿ. ಇಲ್ಲಿಗೆ ಬಂದು ಹನ್ನೆರಡ ವರ್ಷ ಆತು. ಈ ಊರಾಗ ಕನ್ನಡದಾಗ ಜೋರಾಗಿ ಒದರೂದು ಇವತ್ತ ಮೊದಲ ನೋಡ್ರಿ."

ಅವನು ಒದರಿದ. ಅವನ ಜೊತೆ ನಾವೂ.

ಆ ತೊಂಬತ್ತು ನಿಮಿಷವನ್ನು ಕ್ರಮವಾಗಿ ಹೇಳುವುದು ನನ್ನಿಂದಾಗದು. ಆರು ಗೋಲು ಬಿದ್ದವು. ಎರಡು ಅವರದು, ಅವು ಬಿದ್ದಾಗ ಇಡೀ ಮೈದಾನ ನಮ್ಮ ಮೇಲೆ ಕವಿದಂತಾಯಿತು. ನಾಲ್ಕು ನಮ್ಮವು. ನೆನಪಿರುವುದು ಬಿಡಿ ಬಿಡಿ: ಜಾನ್ಸನ್ ಕೈಯೆತ್ತಿ ತನ್ನ ಹಿಂದಿನ ಸಾಲನ್ನು ದನ ಹೊಡೆದಂತೆ ಮುಂದೆ ಹೊಡೆದುಕೊಂಡು ಬಂದದ್ದು, ಅಳಿಯ ಉಗುರು ಕಚ್ಚುವುದನ್ನೂ ಮರೆತು ನಿಂತದ್ದು, ಗೌಂಡಿಯ ಒರಟು ಅಂಗೈ ನನ್ನ ಬೆನ್ನಿಗೆ ಬಿದ್ದದ್ದು. ಸೀಟಿ ಊದಿದಾಗ ಬೆಂಗಳೂರು 4, ಡೆಂಪೊ 2. ಇನ್ನೂ ಒಂದು ಪಂದ್ಯ ಬಾಕಿ ಇರುವಾಗಲೇ ಲೀಗ್ ಮುಗಿದಿತ್ತು. ಮೊದಲ ಋತುವಿನಲ್ಲೇ ಚಾಂಪಿಯನ್ ಆದ ತಂಡ ಐ-ಲೀಗಿನಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಕಡೆಯ ಲೆಕ್ಕ ಹೀಗಾಯಿತು: 24 ಪಂದ್ಯ, 14 ಗೆಲುವು, 5 ಸಮ, 5 ಸೋಲು, 47 ಪಾಯಿಂಟ್. ಈಸ್ಟ್ ಬೆಂಗಾಲ್ 43ರೊಂದಿಗೆ ಎರಡನೆಯದು.

ಆ ಐದು ಸೋಲುಗಳನ್ನು ನಾನು ಆಗಾಗ ಎಣಿಸಿಕೊಳ್ಳುತ್ತೇನೆ. ಹೊನಲು-ಬೆಳಕಿನ ಕಬಡ್ಡಿಯಾಗಿದ್ದರೆ ಅವುಗಳಲ್ಲಿ ಮೊದಲನೆಯದಕ್ಕೇ ಟ್ರ್ಯಾಕ್ಟರ್ ಹತ್ತಬೇಕಿತ್ತು.

ಪಂದ್ಯ ಮುಗಿದ ಮೇಲೆ ಡೆಂಪೊ ಅಂಗಿ ತೊಟ್ಟ ಮುದುಕರೊಬ್ಬರು ನಮ್ಮ ಸಾಲಿಗೆ ಬಂದು ಒಬ್ಬೊಬ್ಬರ ಕೈ ಕುಲುಕಿದರು. ಕೊಂಕಣಿಯಲ್ಲಿ ಏನೋ ಹೇಳಿದರು. ಭಾವ ಉತ್ತರವಾಗಿ ಕೋಡುಬಳೆಯ ಡಬ್ಬ ಚಾಚಿದರು. ಅವರು ಎರಡು ತೆಗೆದುಕೊಂಡರು, ಒಂದು ಬಾಯಿಗೆ, ಒಂದು ಜೇಬಿಗೆ.

ಮರಳುವಾಗ ಕುಳೆಂ ಸ್ಟೇಷನ್ನಿನಲ್ಲಿ ಗಾಡಿಯ ಹಿಂದೆ ಇಂಜಿನ್ ಕಟ್ಟಿದರು. ಮುಂದಿನದು ಎಳೆಯುತ್ತಾ ಹಿಂದಿನದು ತಳ್ಳುತ್ತಾ, ಇಳಿದದ್ದಕ್ಕಿಂತ ನಿಧಾನವಾಗಿ ಘಟ್ಟ ಏರಿದೆವು. ದೂಧ್‌ಸಾಗರ್ ಬಂದಾಗ ಮೂವರಲ್ಲಿ ಇಬ್ಬರು ನಿದ್ದೆಯಲ್ಲಿದ್ದರು. ಎಬ್ಬಿಸಬೇಕೆನಿಸಿತು, ಎಬ್ಬಿಸಲಿಲ್ಲ.

ಬೀರೂರಿನಲ್ಲಿ ಭಾವ ಇಳಿದು ತರೀಕೆರೆ ಬಸ್ಸಿಗೆ ಹೋದರು. ನಾನು ಅಳಿಯನ ಜೊತೆ ಕಡೂರಿಗೆ ಹೋದೆ. ಅವನಿಗೆ ಬೆಂಗಳೂರಿನ ಗಾಡಿಗೆ ಇನ್ನೂ ಹೊತ್ತಿತ್ತು. ಅಜ್ಜ ಜಗಲಿಯ ಮೇಲೆ ಕೂತಿದ್ದರು.

"ಏನಾಯ್ತಪ್ಪ ಚೆಂಡಾಟ?"

"ಗೆದ್ವಿ ಅಜ್ಜ. ಇಡೀ ದೇಶಕ್ಕೆ ನಾವೇ ಫಸ್ಟು" ಅಂದ ಹುಡುಗ. ಗಂಟಲು ಕಟ್ಟಿತ್ತು, ಕೂಗಿ ಕೂಗಿ.

ಅಜ್ಜ ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಎದ್ದು, ಏಣಿ ಹಿಡಿಯಲು ನನಗೆ ಸನ್ನೆ ಮಾಡಿ ಅಟ್ಟ ಹತ್ತಿದರು. ಮೇಲಿನಿಂದ ಒಂದು ಕಾಯಿ ಹಿಡಿದು ಇಳಿದರು. ಹೋದ ಸೆಪ್ಟೆಂಬರಿನಲ್ಲಿ ಏರಿಸಿದ ರಾಶಿಯದು. ಗೆದ್ದು ಬಂದವನಿಗೆ ಕೊಡಬೇಕೆಂದಿದ್ದರೇನೋ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ನನ್ನ ಕಿವಿಗೂ ಹಿಡಿದರು. ನೀರಿನ ಸದ್ದಿಲ್ಲ, ಗಿಟುಕಿನ ಸದ್ದೂ ಇಲ್ಲ.

"ಇನ್ನೂ ಎರಡು ಮೂರು ತಿಂಗಳು ಬೇಕು" ಅಂದು ಅದನ್ನು ಹಿಡಿದುಕೊಂಡು ಮತ್ತೆ ಏಣಿ ಹತ್ತಿದರು.